ಕಳ್ಳಜೇಬು

ಹೋದ ವಾರ ಒಕ್ಕೂಟದ ಹೊಸಬರು ನಾಲ್ಕು ಜನ ನನ್ನ ಅಂಗಡಿಗೆ ಬಂದಿದ್ದರು. ಈಗ ಒಕ್ಕೂಟಕ್ಕೆ ಸ್ವಂತ ಕಟ್ಟಡವಿದೆ, ಬೋರ್ಡಿದೆ, ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರವಿದೆ. "ಅಮ್ಮಾ, ಮಾತ್ರೆ ಚಟದ ವಿರುದ್ಧ ಈ ಬೀದಿಯವರನ್ನೆಲ್ಲ ಒಟ್ಟು ಸೇರಿಸಿದ್ದು ಹೇಗೆ? ಮೊದಲ ಹೆಜ್ಜೆ ಯಾವುದು?" ಎಂದು ಕೇಳಿ, ಬರೆದುಕೊಳ್ಳಲು ಪೆನ್ನು ಹಿಡಿದು ಕೂತರು. ಮೊದಲ ಹೆಜ್ಜೆಯಂತೆ! ಹೆಜ್ಜೆ ಎಣಿಸಿಕೊಂಡು ಯಾರು ನಡೆದಿದ್ದರು? ನನಗೆ ರೇಗಿತು. ವಯಸ್ಸಾದ ಮೇಲೆ ರೇಗಿದ್ದನ್ನು ನಗುವಿನ ಹಾಗೆ ತೋರಿಸುವ ವಿದ್ಯೆ ಬಂದಿದೆ. "ಒಂದು ಜೇಬಿನಿಂದ ಶುರುವಾಯ್ತು" ಎಂದೆ. ಅವರು ಬರೆದುಕೊಂಡರು. ಹೊರಗೆ ಚೆನ್ನಾಗಿ ಕಾಣುವಷ್ಟನ್ನು ಹೇಳಿ ಕಳಿಸಿದೆ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಬಟ್ಟೆ ಹೊಲಿಯುವವಳು. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ನನಗೆ ಇಪ್ಪತ್ತೊಂದು, ನನ್ನ ತಂಗಿಗೆ ಒಂಬತ್ತು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದರಾಚೆ ಅಡುಗೆಮನೆ. ಅಷ್ಟರಲ್ಲೇ ಅವಳನ್ನು ಬೆಳೆಸಿದೆ. ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಕಟಿಂಗ್ ಟೇಬಲ್ ಕೆಳಗೆ ನುಗ್ಗುತ್ತಿದ್ದಳು. ಕೈಯಲ್ಲಿ ಒಂದು ಅಯಸ್ಕಾಂತ. ದಿನವಿಡೀ ನಾನು ಬೀಳಿಸಿದ ಗುಂಡುಪಿನ್ನುಗಳನ್ನೆಲ್ಲ ಅದರಿಂದ ಹೆಕ್ಕುತ್ತ, ಅಲ್ಲಿಂದಲೇ ಶಾಲೆಯ ಸುದ್ದಿಯನ್ನೆಲ್ಲ ಒದರುತ್ತಿದ್ದಳು. ಮೇಲೆ ನನ್ನ ಮಶೀನಿನ ಸದ್ದು, ಕೆಳಗೆ ಅವಳ ಬಾಯಿ. ಎರಡೂ ನಿಲ್ಲುತ್ತಿರಲಿಲ್ಲ. ಇವತ್ತಿಗೂ ಪಿನ್ನು ಬಿದ್ದ ಸದ್ದಾದರೆ ಕಾಲು ಪಕ್ಕಕ್ಕೆ ಸರಿಸುತ್ತೇನೆ, ಅವಳ ಕೈ ತುಳಿದೇನು ಎಂದು.

ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ಅವಳು ಬಸ್ ಪಾಸನ್ನು ಎರಡು ಸಲ ಕಳೆದಳು. "ಹುಡುಗರ ಪ್ಯಾಂಟಿಗೆ ನಾಲ್ಕು ಜೇಬು ಹೊಲೀತೀಯ. ನಮ್ಮ ಸ್ಕರ್ಟಿಗೆ ಒಂದೂ ಇಲ್ಲ. ನಾವೇನು ಪಾಪ ಮಾಡಿದ್ವಿ?" ಎಂದಳು. ಮಾತು ನ್ಯಾಯವಾಗಿತ್ತು. ಆ ದಿನವೇ ಕೂತು ಯೋಚಿಸಿ, ಸೊಂಟದ ಪಟ್ಟಿಯ ಒಳಮಗ್ಗುಲಿಗೆ ಒಂದು ಜೇಬು ಹೊಲಿದೆ. ಮೂರು ಬೆರಳು ಅಗಲ, ನಾಲ್ಕು ಬೆರಳು ಆಳ. ಬಾಯಿ ಹೊಲಿಗೆಯ ಗೆರೆಯಲ್ಲೇ ಮುಚ್ಚಿಹೋಗುತ್ತಿತ್ತು. ಹೊಲಿದ ನಾನೇ ಹುಡುಕಬೇಕಾದರೆ ಬೆರಳಿನಿಂದ ತಡಕಬೇಕಿತ್ತು. ತಂಗಿ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಾಲ್ಕು ಸುತ್ತು ತಿರುಗಿ, "ಅಕ್ಕಾ, ಇದರಲ್ಲಿ ಆನೆ ಬಚ್ಚಿಟ್ಟರೂ ಗೊತ್ತಾಗಲ್ಲ" ಎಂದಳು.

ಅದಾದ ಮೇಲೆ ಅವಳ ಗೆಳತಿಯರು ಬಂದರು. ಗೆಳತಿಯರ ತಮ್ಮಂದಿರು ಬಂದರು. ಹೈಸ್ಕೂಲಿನ ಯೂನಿಫಾರ್ಮ್ ಹೊಲಿಯುತ್ತಿದ್ದದ್ದೂ ನಾನೇ. ಎರಡು ವರ್ಷದಲ್ಲಿ ಆ ಜೇಬಿಲ್ಲದ ಪ್ಯಾಂಟನ್ನು ಹುಡುಗರು ಮುಟ್ಟದ ಹಾಗಾಯಿತು. ಬೀದಿಯೆಲ್ಲ ನನ್ನನ್ನು 'ಜೇಬಕ್ಕ' ಎಂದು ಕರೆಯತೊಡಗಿತು. ಅಳತೆ ಪುಸ್ತಕದಲ್ಲಿ ಆ ಜೇಬಿನ ಮುಂದೆ ಒಂದು ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಹೆಚ್ಚಿದ ಹಾಗೆಲ್ಲ ನನಗೆ ಕೊಂಬು ಮೂಡುತ್ತಿತ್ತು. ಇಷ್ಟು ಜನಕ್ಕೆ ಇಷ್ಟು ಗುಟ್ಟಾದ ಜೇಬು ಏಕೆ ಬೇಕು ಎಂದು ಒಂದು ದಿನವಾದರೂ ಕೇಳಿಕೊಂಡೆನಾ? ಇಲ್ಲ. ಹೊಗಳಿಕೆ ಕಿವಿಗೆ ಬಿದ್ದಾಗ ತಲೆ ಕೆಲಸ ಮಾಡುವುದಿಲ್ಲ.

ಒಂದು ಬೆಳಿಗ್ಗೆ ಎದುರಿನ ಇಸ್ತ್ರಿ ಅಣ್ಣ ಬೀದಿ ದಾಟಿ ಬಂದ. ಕೋಪ ಸದಾ ಮೂಗಿನ ತುದಿಯಲ್ಲೇ ಇರುವ ಮನುಷ್ಯ. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಒಂದು ಯೂನಿಫಾರ್ಮ್ ಪ್ಯಾಂಟು.

"ಏನಮ್ಮಾ ಜೇಬಕ್ಕ, ಇದೇನು ಹೊಲಿದಿದೀಯ ನೋಡು!"

ಪ್ಯಾಂಟಿನ ಸೊಂಟದಲ್ಲಿ ಸುಟ್ಟ ತೂತು. ಪೆಟ್ಟಿಗೆಯ ತಳಕ್ಕೆ ಹೊಳೆಯುವ ಕಾಗದದ ಚೂರು ಅಂಟಿತ್ತು. ಅದರ ಮೇಲೆ ಬಿಳಿಯದೇನೋ ಕರಗಿ ಕಪ್ಪಾಗಿತ್ತು.

"ಒಳಗೆ ಮಾತ್ರೆ ಸ್ಟ್ರಿಪ್ ಇಟ್ಟಿದಾರೆ. ನನಗೇನು ಕಂಡಿತು? ಪೆಟ್ಟಿಗೆ ಎಳೆದೆ, ಕರಗಿ ಹಿಡ್ಕೊಳ್ತು. ಈ ತಿಂಗಳಲ್ಲಿ ಇದು ಮೂರನೇದು. ಇಲ್ಲೀ ತನಕ ಬಾಯಿ ಮುಚ್ಕೊಂಡಿದ್ದೆ. ಇನ್ನು ನನ್ನ ಕೈಲಾಗಲ್ಲ."

ಇಬ್ಬರೂ ಆ ಚೂರನ್ನು ಹಿಡಿದುಕೊಂಡು ಮೂಲೆಯ ಔಷಧಿ ಅಂಗಡಿ ಮಾವನ ಹತ್ತಿರ ಹೋದೆವು. ಮಾವ ಕನ್ನಡಕ ಹಣೆಗೇರಿಸಿ ನೋಡಿದ. ಆಮೇಲೆ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡ.

"ಇದು ಆಪರೇಷನ್ ಆದವರಿಗೆ ಕೊಡೋ ನೋವಿನ ಮಾತ್ರೆ. ಚೀಟಿ ಇಲ್ಲದೆ ನಾನು ಕೊಡಲ್ಲ. ಬಸ್ ಸ್ಟ್ಯಾಂಡ್ ಹಿಂದೆ ಯಾರೋ ಬಿಡಿ ಬಿಡಿಯಾಗಿ ಮಾರ್ತಾರೆ ಅಂತ ಕೇಳಿದ್ದೆ. ಮಕ್ಕಳ ಸೊಂಟಕ್ಕೇ ಬಂದಿದೆ ಅಂತ ಗೊತ್ತಿರಲಿಲ್ಲ."

ಸೊಂಟಕ್ಕೆ ತಂದವಳು ನಾನು.

ಒಕ್ಕೂಟ ಹುಟ್ಟಿದ್ದು ಹೀಗೆ. ಪ್ಯಾಂಟು ಹೈಸ್ಕೂಲಿನದಾದ್ದರಿಂದ ಹೆಡ್ ಮೇಡಂ ಬಂದರು. ಬಸ್ ಸ್ಟ್ಯಾಂಡಿನ ಮಾತು ಬಂದದ್ದರಿಂದ ನಮ್ಮ ಬೀದಿಯ ಕಂಡಕ್ಟರ್ ಬಂದ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಅಂಗಡಿಯಲ್ಲಿ ಸೇರುವುದು ಎಂದಾಯಿತು, ಏಕೆಂದರೆ ಐದು ಜನ ಎದುರುಬದುರು ಕೂರುವಷ್ಟು ದೊಡ್ಡ ಟೇಬಲ್ ಇದ್ದದ್ದು ನನ್ನಲ್ಲಿ ಮಾತ್ರ.

ಆ ಭಾನುವಾರಗಳನ್ನು ನೆನೆದರೆ ಈಗಲೂ ಮನಸ್ಸು ತುಂಬಿಬರುತ್ತದೆ. ಇಸ್ತ್ರಿ ಅಣ್ಣನ ಅಂಗಿಯಿಂದ ಬರುತ್ತಿದ್ದ ಕೆಂಡದ ವಾಸನೆ, ಮಾವನ ಬೆರಳುಗಳ ಔಷಧಿ ವಾಸನೆ, ಕಂಡಕ್ಟರ್ ಶಿಳ್ಳೆ ಹಾಕುತ್ತಲೇ ಒಳಗೆ ಬರುತ್ತಿದ್ದದ್ದು. ತಂಗಿ ಐದು ಲೋಟ ಚಹಾ ತಂದಿಟ್ಟು ಹೋಗುತ್ತಿದ್ದಳು. ಸಂಘಕ್ಕೆ ಹೆಸರಿಡುವುದರಲ್ಲೇ ಎರಡು ಭಾನುವಾರ ಕಳೆಯಿತು. ಮೇಡಂಗೆ ಮೆರವಣಿಗೆ ಬೇಕಿತ್ತು. ಇಸ್ತ್ರಿ ಅಣ್ಣ ಒಪ್ಪಲಿಲ್ಲ.

"ನಾವು ಬೋರ್ಡ್ ಹಿಡ್ಕೊಂಡು ಹೋದ್ರೆ ಮಾತ್ರೆ ಮಾರೋನು ಪಕ್ಕಕ್ಕೆ ನಿಂತು ದಾರಿ ಬಿಡ್ತಾನೆ ಅಷ್ಟೇ."

"ಹಾಗಾದ್ರೆ ನೀವೇ ಹೇಳಿ, ಏನು ಮಾಡೋಣ?"

"ಅವರವರ ಕೆಲಸ ಮಾಡ್ತಾ ಕಣ್ಣಿಗೆ ಬಿದ್ದಿದ್ದು ಹೇಳೋಣ. ನನಗೆ ಬಟ್ಟೆ ಕಾಣುತ್ತೆ, ಮಾವನಿಗೆ ಚೀಟಿ ಕಾಣುತ್ತೆ, ಇವನಿಗೆ ಯಾವ ಸ್ಟಾಪಲ್ಲಿ ಯಾರು ಇಳೀತಾರೆ ಅಂತ ಕಾಣುತ್ತೆ. ಒಬ್ಬೊಬ್ಬರಿಗೂ ಚೂರು ಚೂರು ಗೊತ್ತು. ಪೂರ್ತಿ ಯಾರಿಗೂ ಗೊತ್ತಿಲ್ಲ."

ಅದೇ ನಮ್ಮ ಪದ್ಧತಿಯಾಯಿತು. ಮೇಡಂ ಒಂದು ನಿಯಮ ಸೇರಿಸಿದರು: ಕಂಡದ್ದನ್ನು ಹೇಳಬೇಕು, ಯಾರ ಮನೆಯದು ಎಂದು ಹೇಳಬಾರದು. ಹೆಸರು ಬಂದರೆ ಬೀದಿ ಒಡೆದುಹೋಗುತ್ತದೆ ಎಂದರು. ಎಲ್ಲರೂ ತಲೆಯಾಡಿಸಿದೆವು. ನನಗೂ ಬಹಳ ಒಳ್ಳೆಯ ನಿಯಮ ಅನ್ನಿಸಿತು. ಅದರ ಬಿಸಿ ಮುಂದೆ ನನಗೇ ತಟ್ಟಿತು.

ಕೆಲಸವೇನೋ ಆಯಿತು. ನಾನು ಅಳತೆ ಪುಸ್ತಕ ಹಿಡಿದು, ಚುಕ್ಕೆ ಇದ್ದ ಮನೆಗಳಿಗೆಲ್ಲ ಹೇಳಿಕಳಿಸಿ, ಬಂದ ಪ್ಯಾಂಟು ಸ್ಕರ್ಟುಗಳ ಜೇಬನ್ನೆಲ್ಲ ಬಿಚ್ಚಿದೆ. ಹೊಲಿಯಲು ಎರಡು ವರ್ಷ ಹಿಡಿದದ್ದನ್ನು ಬಿಚ್ಚಲು ಹದಿನೈದು ದಿನ ಸಾಕಾಯಿತು. ಕಂಡಕ್ಟರ್ ತನ್ನ ಜೊತೆಯವರನ್ನೆಲ್ಲ ಸೇರಿಸಿ ಬಸ್ ಸ್ಟ್ಯಾಂಡಿನ ಹಿಂದೆ ಸರದಿಯ ಮೇಲೆ ನಿಂತು ನಿಂತು, ಮಾರುವವನು ಜಾಗ ಖಾಲಿ ಮಾಡುವ ಹಾಗೆ ಮಾಡಿದ. ಮಾವ ಇನ್ನೊಂದು ದಾರಿ ತೋರಿಸಿದ. "ಹೊರಗಿನ ಬಾಗಿಲು ಮುಚ್ಚಿದ್ರೆ ಸಾಲದು. ಒಂದೊಂದು ಮನೆಯ ಕಪಾಟಿನಲ್ಲೂ ಯಾವತ್ತೋ ಉಳಿದ ಮಾತ್ರೆ ಇರುತ್ತೆ. ಅದನ್ನ ಒಂದು ಕಡೆ ಸೇರಿಸಿ ಸುಡಿಸೋಣ" ಎಂದ. ಒಂದು ದೊಡ್ಡ ತಗಡಿನ ಡಬ್ಬಿ ತಂದೆವು, ಮುಚ್ಚಳಕ್ಕೆ ಸೀಳು ಕೊರೆಸಿ ಬೀಗ ಹಾಕಿದೆವು. ಎಲ್ಲಿಡುವುದು? ಹೆಂಗಸರು ಮಕ್ಕಳೆಲ್ಲ ಬಂದುಹೋಗುವ ಜಾಗ ಜೇಬಕ್ಕನ ಅಂಗಡಿ, ಅಲ್ಲೇ ಇರಲಿ ಎಂದರು. ತಿಂಗಳ ಕೊನೆಯ ಭಾನುವಾರ ಮಾವ ತೆಗೆದು ಆಸ್ಪತ್ರೆಗೆ ಒಯ್ಯುವುದು. ಬೀಗದ ಕೈ ನನ್ನ ಟೇಪು ನೇತುಹಾಕುವ ಮೊಳೆಯ ಮೇಲೆ.

ಐದು ಜನ ಬುದ್ಧಿವಂತರು ಕೂತು ಮಾಡಿದ ತೀರ್ಮಾನ ಅದು. ಇಡೀ ಬೀದಿಯ ಮಾತ್ರೆಯನ್ನು ಒಂದೇ ಮನೆಗೆ ತಂದು ಸುರಿದೆವು. ಆ ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ.

ಜೇಬು ಬಿಚ್ಚುವಾಗ ತಂಗಿಯ ಸ್ಕರ್ಟು ಒಂದು ಉಳಿದಿತ್ತು. ಪುಸ್ತಕದ ಮೊದಲ ಚುಕ್ಕೆಯೇ ಅವಳದು. "ನನ್ನದು ಬೇಡ ಅಕ್ಕ, ಬಸ್ ಪಾಸ್ ಇಡ್ತೀನಲ್ಲ" ಎಂದಿದ್ದಳು. ಸರಿ ಎಂದು ಬಿಟ್ಟಿದ್ದೆ. ಹಿಂದಿನ ವರ್ಷ ಕಾಲೇಜಿನ ಮೆಟ್ಟಿಲಿನಿಂದ ಬಿದ್ದು ಅವಳ ಕಾಲಿನ ಮೂಳೆ ಮುರಿದಿತ್ತು. ಎರಡು ವಾರ ನೋವಿನ ಮಾತ್ರೆ ಕೊಟ್ಟಿದ್ದರು. ಮೂಳೆ ಕೂಡಿತು, ನಡೆಯುವುದೂ ಮೊದಲಿನ ಹಾಗಾಯಿತು. ಮಾತು ಮಾತ್ರ ಕಡಿಮೆಯಾಗಿತ್ತು. ಮಧ್ಯಾಹ್ನವೆಲ್ಲ ಮಲಗುತ್ತಿದ್ದಳು. ಓದಿ ದಣಿದಿದ್ದಾಳೆ, ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡೆ. ಅಂದುಕೊಳ್ಳುವುದಕ್ಕೇನು, ಯಾವುದನ್ನು ಬೇಕಾದರೂ ಅಂದುಕೊಳ್ಳಬಹುದು.

ಒಂದು ದಿನ ಬಟ್ಟೆ ಒಗೆಯುವಾಗ ಆ ಸ್ಕರ್ಟಿನ ಒಳಗೆ ಬೆರಳು ಹಾಕಿದೆ. ನಾಲ್ಕು ಬೆರಳು ಹೋದವು. ತಳ ಸಿಗಲಿಲ್ಲ. ಪೂರ್ತಿ ಅಂಗೈ ಹೋಯಿತು. ಸ್ಕರ್ಟನ್ನು ತಿರುವಿ ಬೆಳಕಿಗೆ ಹಿಡಿದೆ. ಜೇಬಿನ ಬದಿ, ತಳ ಬಿಚ್ಚಿ, ಅದೇ ಬಣ್ಣದ ಬಟ್ಟೆಯ ತುಂಡು ಸೇರಿಸಿ, ಅಂಗೈಯಗಲ, ಎರಡರಷ್ಟು ಆಳ ಮಾಡಲಾಗಿತ್ತು. ಕೈಹೊಲಿಗೆ. ಒಂದು ಹಿಂದಕ್ಕೆ, ಎರಡು ಮುಂದಕ್ಕೆ, ಸಾಸಿವೆಯಷ್ಟು ಸಣ್ಣ, ಒಂದೇ ಸಮ. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ನನ್ನ ಮಡಿಲಲ್ಲಿ ಕೂರಿಸಿಕೊಂಡು, ಬೆರಳು ಹಿಡಿದು ನಾನು ಕಲಿಸಿದ ಹೊಲಿಗೆ. ಅಷ್ಟು ಚೆನ್ನಾಗಿ ಹೊಲಿದಿದ್ದಳು. ಒಂದು ಗಳಿಗೆ ಹೆಮ್ಮೆಯಾಯಿತು. ದೇವರಾಣೆ, ಮೊದಲು ಆದದ್ದು ಹೆಮ್ಮೆ. ಆಮೇಲೆ ಹೊಳೆಯಿತು, ಇಷ್ಟು ಆಳ ಯಾವುದಕ್ಕೆ ಎಂದು.

"ಇದ್ಯಾಕೆ ಇಷ್ಟು ಆಳ ಮಾಡಿದೀಯೇ?" ಎಂದು ಕೇಳಿದೆ.

"ಪೆನ್ನು ಇಡೋದಕ್ಕೆ."

"ಪೆನ್ನಿಗೆ ಅಂಗೈ ಅಗಲ ಬೇಕಾ?"

"ಅಕ್ಕಾ, ನೀನು ಮೀಟಿಂಗ್ ಮಾಡೀ ಮಾಡೀ ಮನೆಯವರನ್ನೂ ಕಳ್ಳರ ಥರ ನೋಡ್ತಿದೀಯ."

ಅವಳಿಗೆ ನಾನು, ನನಗೆ ಅವಳು. ಬೇರೆ ಯಾರಿದ್ದರು? ಒಂದು ಮಾತು ಹೆಚ್ಚು ಆಡಿದರೆ ಎದ್ದು ಹೋಗಿಬಿಟ್ಟಾಳು ಎಂಬ ಹೆದರಿಕೆ ಒಂದು ಕಡೆ. ಬೀದಿಯ ಮಕ್ಕಳ ಜೇಬು ಬಿಚ್ಚಿದವಳ ಮನೆಯಲ್ಲೇ ಹೀಗೆ ಎಂಬ ಮರ್ಯಾದೆಯ ಪ್ರಶ್ನೆ ಇನ್ನೊಂದು ಕಡೆ. ಸ್ಕರ್ಟನ್ನು ಹಿಂಡಿ ಹಗ್ಗಕ್ಕೆ ಹಾಕಿದೆ. ಆ ಭಾನುವಾರ ನನ್ನ ಸರದಿ ಬಂದಾಗ "ಈ ವಾರ ನನ್ನ ಕಣ್ಣಿಗೇನೂ ಬಿದ್ದಿಲ್ಲ" ಎಂದೆ. ಮರುವಾರವೂ ಅದೇ ಮಾತು. ಅದರ ಮರುವಾರವೂ. ಇಸ್ತ್ರಿ ಅಣ್ಣ ನನ್ನ ಮುಖ ನೋಡುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಅವನೂ ಆಗೀಗ "ಒಂದು ಮನೆಯ ಬಟ್ಟೆ..." ಎಂದು ಶುರುಮಾಡಿ, "ಹೋಗ್ಲಿ ಬಿಡಿ" ಎಂದು ನಿಲ್ಲಿಸುತ್ತಿದ್ದ.

ತಿಂಗಳ ಕೊನೆಯ ಭಾನುವಾರ ಬಂತು. ಮಾವ ಡಬ್ಬಿಯ ಬೀಗ ತೆಗೆದು ಟೇಬಲ್ ಮೇಲೆ ಸುರಿದ. ಜ್ವರದ್ದು, ಹೊಟ್ಟೆಯದ್ದು, ಅವಧಿ ಮುಗಿದ ಶಕ್ತಿಯ ಮಾತ್ರೆಗಳು. ಮಾವ ಕೈಯಾಡಿಸಿದ, ಮತ್ತೊಮ್ಮೆ ಆಡಿಸಿದ.

"ಕೊನೇ ಮನೆ ಅಜ್ಜಿ ಸೊಂಟದ ಆಪರೇಷನ್ ಆದಮೇಲೆ ಉಳಿದಿದ್ದು ಎರಡು ಸ್ಟ್ರಿಪ್ ಕೊಟ್ಟಿದ್ರು. ನನ್ನ ಕೈಯಾರೆ ಹಾಕಿದ್ದೆ. ನೋವಿನ ಮಾತ್ರೆ ಒಂದೂ ಇಲ್ವಲ್ಲ ಇದರಲ್ಲಿ."

ಎಲ್ಲರ ಕಣ್ಣೂ ಮೊಳೆಯ ಕಡೆ ಹೋಯಿತು. ಬೀಗದ ಕೈ ಇದ್ದದ್ದು ಅಲ್ಲಿ. ಅಡುಗೆಮನೆಯಲ್ಲಿ ತಂಗಿ ಲೋಟ ತೊಳೆಯುತ್ತಿದ್ದಳು. ಆ ಸದ್ದು ನಿಂತಿತು.

"ಬೀಗ ಒಡೆದಿಲ್ಲ. ಬೀಗದ ಕೈ ಸಿಗೋರೇ ತೆಗೆದಿದಾರೆ. ಯಾರು?" ಎಂದರು ಮೇಡಂ.

"ನಾನು."

ಹೇಳಿದ್ದು ಇಸ್ತ್ರಿ ಅಣ್ಣ.

"ಬೆಳಿಗ್ಗೆ ಬಟ್ಟೆ ಕೊಡೋಕೆ ಬರ್ತೀನಲ್ಲ. ಮಂಡಿ ನೋವು ತಡೆಯಕ್ಕಾಗಲಿಲ್ಲ. ತೊಗೊಂಡು ನುಂಗಿದೆ. ಏನಿವಾಗ?"

ಮೇಡಂ ಮುಖ ಕೆಂಪಾಯಿತು. "ನೀವಾ? ಇದನ್ನೆಲ್ಲ ಶುರು ಮಾಡಿದೋರು! ನಾಳೆ ಮಕ್ಕಳ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲೋದು? ನೀವಿನ್ನು ಇಲ್ಲಿ ಕೂರೋದು ಬೇಡ."

ಅಣ್ಣ ಎದ್ದ. ಹೆಗಲ ಮೇಲಿನ ಬಟ್ಟೆ ಕೊಡವಿಕೊಂಡ. ಯಾವ ಮಂಡಿ ನೋವು? ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ ಮಾಡುವವನು, ಒಂದು ದಿನ ಕುಂಟಿದವನಲ್ಲ. ನಮ್ಮ ಮನೆಯ ಬಟ್ಟೆಗಳಿಗೆಲ್ಲ ಪೆಟ್ಟಿಗೆ ಎಳೆಯುತ್ತಿದ್ದವನು ಅವನೇ. ಆ ಜೇಬಿನ ಆಳ ನನಗಿಂತ ಮೊದಲೇ ಅವನ ಕೈಗೆ ಸಿಕ್ಕಿತ್ತು. ನಾನೇ ಹೇಳಲಿ ಎಂದು ಕಾದಿದ್ದ. ನಾನು ಹೇಳದೆ ಹೋದಾಗ ನನ್ನ ಮರ್ಯಾದೆಯನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಹೊರಟಿದ್ದ.

ಅವನು ಹೊಸ್ತಿಲು ದಾಟುತ್ತಿದ್ದ. ನಾನು ಸುಮ್ಮನಿದ್ದಿದ್ದರೆ ಆ ದಿನ ಎಲ್ಲ ಮುಚ್ಚಿಹೋಗುತ್ತಿತ್ತು. ಮುಚ್ಚಿಹೋಗಲಿ ಎಂದು ಒಂದು ಕ್ಷಣ ಆಸೆಪಟ್ಟೆ. ಸುಳ್ಳು ಏಕೆ ಹೇಳಲಿ?

"ಅಣ್ಣ, ಕೂತ್ಕೋ" ಎಂದೆ. "ಮಾತ್ರೆ ತೆಗೆದಿದ್ದು ಇವನಲ್ಲ. ನನ್ನ ತಂಗಿ. ಅವಳ ಚಟದ ವಿಷಯ ಒಂದು ತಿಂಗಳಿಂದ ನನಗೆ ಗೊತ್ತು. ಗೊತ್ತಿದ್ದೂ ಪ್ರತಿ ಭಾನುವಾರ ನಿಮ್ಮೆದುರು ಸುಳ್ಳು ಹೇಳಿದೀನಿ."

ಆ ಟೇಬಲ್ ಸುತ್ತ ಹೆಸರು ಹೇಳಿದ ಮೊದಲ ಮನೆ ನನ್ನದು.

ಅಡುಗೆಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಎಲ್ಲರ ಮುಂದೆ ಹೇಳಿಬಿಟ್ಯಲ್ಲ ಅಕ್ಕ" ಎಂದಳು. ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು.

ಮೇಡಂ ಎದ್ದುಹೋಗಿ ಅವಳ ಒದ್ದೆ ಕೈ ಹಿಡಿದುಕೊಂಡರು. ಆಮೇಲೆ ನಮ್ಮ ಕಡೆ ತಿರುಗಿದರು. "ತಪ್ಪು ನನ್ನದು. ಹೆಸರು ಹೇಳಬಾರದು ಅಂದೆ. ಅದಕ್ಕೇ ಎಲ್ಲರೂ ಮುಚ್ಚಿಟ್ಕೊಂಡ್ರು. ನನ್ನ ಅಣ್ಣನ ಮಗನೂ ಇದೇ ದಾರೀಲಿದಾನೆ. ಇಲ್ಲೀವರೆಗೂ ನಾನೂ ಹೇಳಿಲ್ಲ" ಎಂದರು. ಕಂಡಕ್ಟರ್ ತನ್ನ ಅಪ್ಪನ ಕುಡಿತದ ಮಾತೆತ್ತಿದ. ಆ ದಿನ ಹನ್ನೆರಡು ಗಂಟೆಯಾದರೂ ಯಾರೂ ಏಳಲಿಲ್ಲ. ಚಹಾ ಆರಿಹೋಯಿತು. ಅಲ್ಲಿಂದ ಮುಂದೆ ನಮ್ಮ ನಿಯಮ ಬದಲಾಯಿತು: ಮೊದಲು ನಮ್ಮ ನಮ್ಮ ಮನೆಯದು, ಆಮೇಲೆ ಬೀದಿಯದು. ಒಕ್ಕೂಟ ನಿಜವಾಗಿ ಹುಟ್ಟಿದ್ದು ಆ ಬೆಳಿಗ್ಗೆ. ಹೋದ ವಾರ ಬಂದ ಹೊಸಬರಿಗೆ ಇದನ್ನು ನಾನು ಹೇಳಲಿಲ್ಲ. ಅದು ತಂಗಿಯ ವಿಷಯ. ಅವಳನ್ನು ಕೇಳದೆ ಇನ್ನೊಮ್ಮೆ ಹೇಳಲಾರೆ ಎಂದುಕೊಂಡೆ.

ಮರುದಿನ ಮಾವ ಕೆಲಸದ ದಿನವೇ ಅಂಗಡಿಗೆ ಬೀಗ ಹಾಕಿ ನಮ್ಮ ಜೊತೆ ಪಟ್ಟಣದ ಆಸ್ಪತ್ರೆಗೆ ಬಂದ. ಅಲ್ಲಿನ ಡಾಕ್ಟರಮ್ಮ ಇದು ನಡತೆಗೆಟ್ಟದ್ದಲ್ಲ, ಕಾಯಿಲೆ, ವಾರ ವಾರ ಬರಬೇಕು ಎಂದರು. ಪ್ರತಿ ಮಂಗಳವಾರ ಕಂಡಕ್ಟರ್ ಬಸ್ಸಿನಲ್ಲಿ ಎರಡು ಸೀಟು ಹಿಡಿದಿಡುತ್ತಿದ್ದ. ಆ ಸೀಟುಗಳಲ್ಲಿ ನಾನೂ ತಂಗಿಯೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದೆವು, ಮಾತಿಲ್ಲದೆ. ನಾಲ್ಕು ತಿಂಗಳು ಅವಳು ನನ್ನೊಂದಿಗೆ ಮಾತಾಡಲಿಲ್ಲ. ಎರಡು ಸಲ ಮತ್ತೆ ಮಾತ್ರೆಗೆ ಜಾರಿದಳು, ಎರಡು ಸಲವೂ ಎದ್ದಳು. ಟೇಬಲ್ ಕೆಳಗೆ ಪಿನ್ನುಗಳು ಗುಡ್ಡೆ ಬಿದ್ದಿದ್ದವು. ಹೆಕ್ಕಲು ನನಗೆ ಮನಸ್ಸು ಬರುತ್ತಿರಲಿಲ್ಲ. ಐದನೇ ತಿಂಗಳ ಒಂದು ಸಂಜೆ, ಮಶೀನು ತುಳಿಯುತ್ತಿದ್ದಾಗ, ಕಾಲ ಬಳಿ ಟಿಕ್ ಟಿಕ್ ಎಂದು ಅಯಸ್ಕಾಂತಕ್ಕೆ ಪಿನ್ನು ಅಂಟುವ ಸದ್ದಾಯಿತು. ಬಗ್ಗಿ ನೋಡಲಿಲ್ಲ. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಗೆ ಹೋಯಿತು. ಆ ಅಂಗಿಯನ್ನು ಆಮೇಲೆ ಬಿಚ್ಚಿ ಹೊಲಿದೆ.

ಈಗ ಇಸ್ತ್ರಿ ಅಣ್ಣ ಇಲ್ಲ. ಮಾವನೂ ಇಲ್ಲ. ಮೇಡಂ ಮಗಳ ಮನೆಯಲ್ಲಿದ್ದಾರೆ, ಕಿವಿ ಕೇಳುವುದಿಲ್ಲ. ಎದುರಿನ ಇಸ್ತ್ರಿ ಅಂಗಡಿಯ ಜಾಗದಲ್ಲಿ ಮೊಬೈಲು ಮಾರುತ್ತಾರೆ. ತಂಗಿಗೆ ಐವತ್ತಾಯಿತು. ಎರಡು ಬೀದಿ ಆಚೆ ಅವಳ ಸಂಸಾರವಿದೆ. ಕಳ್ಳಜೇಬನ್ನು ನಾನು ಮತ್ತೆ ಯಾರಿಗೂ ಹೊಲಿದಿರಲಿಲ್ಲ. ಕೇಳಿದವರ ಮೇಲೆ ಹರಿಹಾಯುತ್ತಿದ್ದೆ.

ಹೊಸಬರು ಬಂದುಹೋದ ದಿನ ಸಂಜೆ ಅವಳು ಒಂದು ಹೊಸ ಸ್ಕರ್ಟು ಹಿಡಿದು ಬಂದಳು. ಅವರು ಕೇಳಿದ್ದನ್ನೂ ನಾನು ಹೇಳದೆ ಬಿಟ್ಟದ್ದನ್ನೂ ತಿಳಿಸಿದೆ.

"ಹೇಳು ಅಕ್ಕ. ನಂದೇ ಹೇಳು. ಇಲ್ಲದಿದ್ರೆ ಅವರೂ ಹೆಸರಿಲ್ಲದ ನಿಯಮ ಮಾಡ್ಕೊಂಡು ಕೂರ್ತಾರೆ" ಎಂದಳು. ಆಮೇಲೆ ಸ್ಕರ್ಟನ್ನು ಟೇಬಲ್ ಮೇಲೆ ಹರಡಿದಳು. "ಇದಕ್ಕೊಂದು ಜೇಬು ಹೊಲಿ."

"ಹೊರಗಡೆ ಹಾಕ್ತೀನಿ, ದೊಡ್ಡದು."

"ಒಳಗೇ ಹೊಲಿ. ಮೊದಲಿನ ಥರ."

ಅವಳ ಮುಖ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಏಕೆ, ಏನಿಡುವುದಕ್ಕೆ ಎನ್ನುವುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಟೇಪು ತೆಗೆಯಲಿಲ್ಲ. ಬೆರಳಿಟ್ಟೇ ಅಳೆದೆ. ಮೂರು ಅಗಲ, ನಾಲ್ಕು ಆಳ. ಹೊಲಿಗೆ ನೆಟ್ಟಗೆ ಬಂತು. ಬಾಯಿ ಗೆರೆಯಲ್ಲಿ ಮುಚ್ಚಿಕೊಂಡಿತು.

ಅವಳು ಸ್ಕರ್ಟನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತಳು.

"ಏನಿಡ್ತೀಯ ಅಂತ ಕೇಳಲ್ವಾ?"

"ಇಲ್ಲ ಕಣೇ."

ಅವಳ ಕಣ್ಣು ತುಂಬಿತು. ಅಂಗೈಯಲ್ಲಿ ಒರೆಸಿಕೊಂಡು, ಸಣ್ಣವಳಿದ್ದಾಗಿನ ಹಾಗೆ ಗಟ್ಟಿಯಾಗಿ ನಕ್ಕು ಹೊರಟುಹೋದಳು. ನಾನು ಅಳತೆ ಪುಸ್ತಕ ತೆರೆದು ಅವಳ ಹೆಸರು ಬರೆದು, ಮುಂದೆ ಒಂದು ಚುಕ್ಕೆ ಇಟ್ಟೆ.